ತಂತಿಯ ತಾಯಿ, ಟವಲಿನ ತಾಯಿ

ತರಬೇತಿಯ ಮೂರನೇ ದಿನ, ಊಟವಾದ ಮೇಲೆ,
ಪುಣೆಯಿಂದ ಬಂದ ಬಾಯಿಯವರು ಪರದೆಯ ಮೇಲೆ
ಒಂದು ಮಂಗನ ಮರಿ ತೋರಿಸಿದರು.
ಅದಕ್ಕೆ ತಾಯಂದಿರು ಇಬ್ಬರು, ಇಬ್ಬರೂ ಸುಳ್ಳು.
ಒಬ್ಬಳು ಬರೀ ತಂತಿ, ಎದೆಗೆ ಹಾಲಿನ ಶೀಶೆ.
ಇನ್ನೊಬ್ಬಳ ಮೈಗೆ ಟರ್ಕಿ ಟವಲು, ಹಾಲಿಲ್ಲ.
ಹಸಿದಾಗ ಮರಿ ತಂತಿಯ ಕಡೆ ಬಾಯಿ ಚಾಚಿತು,
ಹಿಂಗಾಲು ಮಾತ್ರ ಟವಲನ್ನು ಬಿಡಲಿಲ್ಲ.

"ಮಂಗ್ಯಾಗೂ ನಮ್ಮ ಸೊಲ್ಲಾಪುರದ ಮಾಲೇ ಬೇಕ್ರೀ!"
ಹಿಂದಿನ ಸಾಲಿನ ಸುಗಲಾಬಾಯಿ ಅಂದದ್ದೇ ತಡ
ಮೂವತ್ತೆರಡು ಅಂಗನವಾಡಿ ಸೇವಿಕೆಯರು
ಬಿದ್ದು ಬಿದ್ದು ನಕ್ಕರು.
ಅರ್ಧ ಜನರ ಒಲೆ ಉರಿದದ್ದೇ ಟವಲಿನಿಂದ.

ಪಾಠ ಮರಾಠಿ, ನನ್ನ ವಹಿ ಕನ್ನಡ.
'ಬಂಧ' ಎಂದು ಬರೆದೆ. ಪಂಚಾಂಗದ ಮಾತಿನಂತಿತ್ತು.
ಹೊಡೆದು 'ಅಂಟು' ಎಂದೆ. ಅದು ಹಲಸಿನದು.
ಕೊನೆಗೆ ನಮ್ಮ ಓಣಿಯ ಮಾತೇ ಬಂತು:
ಕೂಸು ಯಾರನ್ನ ಹಚಗೊಂಡೈತಿ?

ನನ್ನವ್ವ ಭೌರವ್ವ,
ಅಕ್ಕಲಕೋಟ ರಸ್ತೆಯ ಕಾರ್ಖಾನೆಯಲ್ಲಿ ಟವಲಿಗೆ ಅಂಚು ಹೊಲಿಯುವಾಕಿ.
ನನಗೆ ಏಳು ತಿಂಗಳಾದಾಗ ಪಾಳಿ ಹಿಡಿದಳು.
ನನ್ನನ್ನು ಬಿಟ್ಟದ್ದು ನರ್ಸವ್ವನ ಮಗ್ಗುಲಲ್ಲಿ.
ನರ್ಸವ್ವನಿಗೆ ದಿನಕ್ಕೆ ಸಾವಿರ ಬೀಡಿ ಲೆಕ್ಕ,
ಎರಡೂ ಕೈ ಎಲೆಗೆ ಒತ್ತೆ,
ತೊಟ್ಟಿಲ ಹಗ್ಗ ಕಾಲಿನ ಹೆಬ್ಬೆರಳಿಗೆ.
ನಾನು ಅತ್ತರೆ ಮೊದಲು ಕೇಳಿಸಿಕೊಳ್ಳುತ್ತಿದ್ದದ್ದು
ಆ ಹೆಬ್ಬೆರಳು.

ಬಾಯಿಯವರು ಇನ್ನೊಂದು ಚಿತ್ರ ಹಾಕಿದರು.
ಕೋಣೆ, ಆಟಿಗೆ, ವರ್ಷದ ಕೂಸು.
ತಾಯಿ ಎದ್ದು ಹೋಗುತ್ತಾಳೆ, ಮೂರು ನಿಮಿಷ.
"ಅಳೂದನ್ನ ನೋಡಬ್ಯಾಡ್ರಿ,
ಆಕಿ ತಿರುಗಿ ಬಂದಾಗ ಕೂಸು ಏನ ಮಾಡ್ತದ, ಅದನ್ನ ಬರಕೋರಿ."
ಒಂದು ಓಡಿ ಬಂದು ಸೊಂಟ ಏರಿತು, ಸಮಾಧಾನವಾಗಿ ಮತ್ತೆ ಇಳಿಯಿತು.
ಒಂದು ಅಪ್ಪಿಕೊಂಡೇ ಹೊಡೆಯಿತು.
ಒಂದು ತಲೆ ಕೂಡ ಎತ್ತಲಿಲ್ಲ,
ಕಟ್ಟಿಗೆಯ ಚೌಕದ ಮೇಲೆ ಚೌಕ ಇಡುತ್ತಿತ್ತು.

"ಶಾಣ್ಯಾ ಕೂಸು," ಬಾಯಿ ಜಾರಿ ಅಂದುಬಿಟ್ಟೆ.

ಇಂಥ ಕೂಸಿನ ಎದೆಗೆ ಯಂತ್ರ ಹಚ್ಚಿ ನೋಡಿದ್ದಾರಂತೆ.
ಚೀರಿ ಅತ್ತದ್ದರ ಎದೆಯಷ್ಟೇ ಜೋರಾಗಿ
ಇದರ ಎದೆಯೂ ಓಡುತ್ತಿತ್ತಂತೆ.

ಅವ್ವ ಊರಿಗೆಲ್ಲ ಹೇಳಿದ ಮಾತು:
"ನನ್ನ ಮಗಳು ಭಾಳ ಶಾಣ್ಯಾಕಿ, ಎಲ್ಲಿ ಬಿಟ್ರೂ ಅಳೂದಿಲ್ಲ."
ಹೆಣ್ಣು ನೋಡಲು ಬಂದವರಿಗೂ ಅದನ್ನೇ ಹೇಳಿದ್ದಳು.

ಆ ರಾತ್ರಿ ಶೇಂಗಾ ಸುಲಿಯುತ್ತ ಕೇಳಿದೆ.
ನರ್ಸವ್ವ ಹೋದಾಗ ನಾ ಏನ ಮಾಡಿದೆ?

ಅವ್ವ ಸಿಪ್ಪೆ ಊದಿದಳು.
ಸಂಜೆ ಭೋಂಗಾ ಆದ ಮೇಲೆ ತಾನು ಬಂದರೆ,
ತಲೆತುಂಬ ಹತ್ತಿಯ ಧೂಳು, ಕೈ ಚಾಚಿದರೆ,
ನಾನು ನರ್ಸವ್ವನ ಸೆರಗಿನ ಹಿಂದೆ.
ಅವಳೇ ಮೊಣಕಾಲಿಂದ ಮೆಲ್ಲಗೆ ನೂಕುವಳಂತೆ,
"ಪೋ ಬಿಡ್ಡಾ, ಮೀ ಅಮ್ಮ ಒಚ್ಚಿಂದಿ."

ಮುಂದೆ ನರ್ಸವ್ವನ ಮಗ ಭಿವಂಡಿಗೆ ಕರೆದೊಯ್ಯಲು ಬಂದ.
ಹೊರಡುವ ಮೂರು ದಿನ ಮೊದಲು ಅವ್ವ
ಅಂಚು ಸೊಟ್ಟಾದ ಒಂದು ಟವಲು ತಂದು
ಅವಳಿಗೆ ಕೊಟ್ಟಳಂತೆ: "ಇದನ್ನ ಹೊದ್ದು ಮಲಗು. ತೊಳೀಬ್ಯಾಡ."

ನನಗೆ ಹತ್ತು ವರ್ಷವಾಗುವವರೆಗೂ
ಮುಖಕ್ಕೊತ್ತಿಕೊಂಡು ಮಲಗಿದ ಟವಲು.
ಮೊದಮೊದಲು ತಂಬಾಕಿನ ಘಾಟು. ಆಮೇಲೆ ಬರೀ ನೂಲು.
ಅದು ಅವ್ವನ ವಾಸನೆ ಎಂದೇ ತಿಳಿದಿದ್ದೆ.

"ನಿನಗ ಕೆಟ್ಟ ಅನಸಲಿಲ್ಲೇನು?" ಅಂದೆ.
"ಮುಂಜಾನೆ ಪಾಳಿ ಇತ್ತ," ಅಂದಳು. "ನೀ ಮಲಗಬೇಕಿತ್ತ."

ಇವತ್ತು ಸೋಮವಾರ. ಅಂಗನವಾಡಿಯ ಬಾಗಿಲಲ್ಲಿ
ಸಾಯಿರಾಜನ ತಾಯಿ ಚಪ್ಪಲಿ ಮೆಟ್ಟಿ ಹೊರಟಳು.
ಅವನು ತಿರುಗಿ ನೋಡಲಿಲ್ಲ,
ಬಾಟಲಿಯ ಮುಚ್ಚಳಗಳನ್ನು ಸಾಲಾಗಿ ಜೋಡಿಸುತ್ತಿದ್ದ,
ಕೆಂಪು, ನೀಲಿ, ಕೆಂಪು.
"ಶಾಣ್ಯಾ ನೋಡ್ರಿ ನನ್ನ ಮಗ," ಅಂತ ಹೇಳಿಯೇ ಹೋದಳು.

ಪಕ್ಕದಲ್ಲಿ ಕೂತು
ಅವನ ಬೆನ್ನಿಗೆ ಅಂಗೈ ಇಟ್ಟೆ.
ಅಂಗಿಯ ಒಳಗೆ, ಆ ಸಣ್ಣ ಗೂಡಿನಲ್ಲಿ,
ಪವರ್‌ಲೂಮು.